ಗುರುವಿನ ಕಿರ್ದಿ: ಹಿಂದಿರುಗಿ ನೋಡುವ ವಿದ್ಯೆಯ ಇತಿಹಾಸ

ವ್ಯಾಪಾರಸ್ಥನ ದಿನ ಮುಗಿಯುವುದು ಅಂಗಡಿಯ ಬಾಗಿಲು ಹಾಕಿದಾಗ ಅಲ್ಲ. ಕಿರ್ದಿಯ ಶಿಲ್ಕು ತಾಳೆಯಾದಾಗ. ಬಂದದ್ದೆಷ್ಟು, ಹೋದದ್ದೆಷ್ಟು, ಪೆಟ್ಟಿಗೆಯಲ್ಲಿ ಉಳಿದದ್ದೆಷ್ಟು ಎಂಬ ಮೂರು ಲೆಕ್ಕಗಳು ಹೊಂದಿಕೊಳ್ಳದಿದ್ದರೆ ಹಳೆಯ ಕಾಲದ ಗುಮಾಸ್ತರು ಊಟಕ್ಕೆ ಏಳುತ್ತಿರಲಿಲ್ಲ. ಐದು ರೂಪಾಯಿ ಕಡಿಮೆ ಬಿದ್ದರೆ ಕೈಯಿಂದ ಐದು ರೂಪಾಯಿ ಹಾಕಿ ಮುಗಿಸುವುದು ಸುಲಭ. ಆದರೆ ಹಾಗೆ ಮಾಡಬಾರದೆಂದು ನಮ್ಮ ಹಿರಿಯರು ಕಲಿಸಿದರು. ತಪ್ಪು ಎಲ್ಲಿ ನುಸುಳಿತೆಂಬುದನ್ನು ಹುಡುಕಿ, ಆ ಸಾಲಿನ ಮೇಲೆ ಬೆರಳಿಟ್ಟ ಬಳಿಕವೇ ಪುಸ್ತಕ ಮುಚ್ಚಬೇಕು. ಇದನ್ನು ನಾನು ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ ಅಡತ್ ಅಂಗಡಿಯ ಗಾದಿಯ ಮೇಲೆ ಕಲಿತೆ. ಪಾಠ ಹೇಳುವ ಗುರುವಿಗೂ ಇಂಥದೊಂದು ಕಿರ್ದಿ ಬೇಕು, ಗುರುವಾಗಲು ಹೊರಟ ಎಳೆಯರಿಗಂತೂ ಅದು ಮೊದಲು ಬೇಕು ಎಂಬುದು ನನಗೆ ಮನದಟ್ಟಾದದ್ದು ಮಾತ್ರ ಕೆಲವೇ ವರ್ಷಗಳ ಹಿಂದೆ. ಆ ಪ್ರಸಂಗವನ್ನು ಮೊದಲು ಹೇಳಿ, ಅನಂತರ ಅದರ ಹಿಂದಿರುವ ದೀರ್ಘ ಇತಿಹಾಸದ ಕಡೆಗೆ ವಾಚಕರನ್ನು ಕರೆದೊಯ್ಯಲು ಬಯಸುತ್ತೇನೆ.

ಒಂದು ಪಟ್ಟಿಯ ಕಥೆ

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ ತಿರುಗಾಡಿದವರಿಗೆ ‘ಕ್ಯಾಂಪ್’ ಎಂಬ ಮಾತು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆನೆಲ ಭತ್ತದ ಗದ್ದೆಯಾಯಿತು. ಹೊರಗಿನಿಂದ ಬಂದ ರೈತರು ನೆಲೆ ನಿಂತ ಕಡೆಯೆಲ್ಲ ಒಂದೊಂದು ಕ್ಯಾಂಪ್ ಎದ್ದಿತು. ಅವುಗಳ ನಡುವೆ ‘ಆರ್.ಎಚ್. ಕ್ಯಾಂಪ್’ಗಳ ಕಥೆ ಬೇರೆ. ಅಂದಿನ ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಅರ್ಧ ಶತಮಾನದ ಹಿಂದೆ ಸರ್ಕಾರ ಇಲ್ಲಿ ಪುನರ್ವಸತಿ ಕಲ್ಪಿಸಿತು. ಪುನರ್ವಸತಿ ಎಂಬುದರ ಇಂಗ್ಲಿಷ್ ಶಬ್ದವೇ ಚಿಕ್ಕದಾಗಿ ಊರಿನ ಹೆಸರಾಗಿ ಉಳಿಯಿತು. ಅಲ್ಲಿಯ ಮನೆಗಳ ಒಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ. ಆಶ್ವಯುಜದಲ್ಲಿ ದುರ್ಗಾಪೂಜೆಯ ಢಾಕ್ ವಾದ್ಯದ ಸದ್ದು ಭತ್ತದ ಗದ್ದೆಗಳ ಮೇಲೆ ಹಾದು ಬರುವುದನ್ನು ಕೇಳಿ ನಾನು ಅನೇಕ ಸಲ ಬಂಡಿ ನಿಲ್ಲಿಸಿದ್ದೇನೆ.

ನಮ್ಮ ಅಂಗಡಿಯಲ್ಲಿ ಬಹುಕಾಲ ಲೆಕ್ಕ ಬರೆದ ಗುಮಾಸ್ತರ ಮಗಳು ಬಿ.ಎಡ್. ಓದುತ್ತಿದ್ದಳು. ಎರಡನೆಯ ವರ್ಷದಲ್ಲಿ ಅಭ್ಯಾಸ ಬೋಧನೆಗಾಗಿ ಅವಳನ್ನು ಈ ಭಾಗದ ಒಂದು ಪ್ರೌಢಶಾಲೆಗೆ ಕಳುಹಿಸಿದ್ದರು. ಆ ಶಾಲೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಹುಡುಗಿ ಚುರುಕು, ಮಕ್ಕಳ ಮೇಲೆ ಮಮತೆ ಉಳ್ಳವಳು. ಪಾಲಕರಿಗೆ ಸುದ್ದಿ ಮುಟ್ಟಿಸಲು ಅನುಕೂಲವಾಗಲೆಂದು ತನ್ನ ತರಗತಿಗೆ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದಳು. ಯಾರನ್ನೂ ಕೈಬಿಡಬಾರದೆಂದು, ಗುಂಪಿಗೆ ಸೇರುವ ಲಿಂಕನ್ನು ಊರಿನ ಇತರ ಗುಂಪುಗಳಿಗೂ ಹಾಕಿದಳು. ಒಂದು ದಿನ ವಿದ್ಯಾರ್ಥಿವೇತನದ ಪಟ್ಟಿ ಸಿದ್ಧವಾಯಿತು: ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಮೊಬೈಲ್ ಸಂಖ್ಯೆ, ಬ್ಯಾಂಕಿನ ಖಾತೆ ಸಂಖ್ಯೆ. ತಪ್ಪಿದ್ದರೆ ಪಾಲಕರೇ ನೋಡಿ ಹೇಳಲಿ ಎಂಬ ಸದುದ್ದೇಶದಿಂದ ಅವಳು ಆ ಹಾಳೆಯ ಫೋಟೊ ತೆಗೆದು ಗುಂಪಿನಲ್ಲಿ ಹಾಕಿದಳು.

ಎರಡು ದಿನಗಳ ಬಳಿಕ ಆರ್.ಎಚ್. ಕ್ಯಾಂಪಿನ ಒಂದು ಮನೆಗೆ ಕರೆ ಬಂದಿತು. ಕರೆ ಮಾಡಿದವನು ಹುಡುಗಿಯ ಹೆಸರು ಹೇಳಿದ, ತಂದೆಯ ಹೆಸರು ಹೇಳಿದ, ಯಾವ ತರಗತಿಯೆಂದೂ ಹೇಳಿದ. ವಿದ್ಯಾರ್ಥಿವೇತನ ಜಮಾ ಆಗಬೇಕಾದರೆ ಫೋನಿಗೆ ಬಂದ ಸಂಖ್ಯೆಯನ್ನು ಓದಿ ಹೇಳಿರಿ ಎಂದ. ತಾಯಿಗೆ ಓದಲು ಬಾರದು. ಎಂಟನೆಯ ತರಗತಿಯ ಮಗಳೇ ಓದಿ ಹೇಳಿದಳು. ನಾಟಿಯ ಕೂಲಿಯಿಂದ ಕೂಡಿಟ್ಟ ಹಣ ಖಾತೆಯಿಂದ ಹೋಯಿತು. ಹಣ ಹೋದದ್ದಕ್ಕಿಂತ ದೊಡ್ಡ ಹಾನಿ ಮರುದಿನ ತಿಳಿಯಿತು. ‘ನನ್ನ ಬಾಯಿಂದಲೇ ಮನೆ ಹಾಳಾಯಿತು’ ಎಂದುಕೊಂಡ ಆ ಹುಡುಗಿ ಶಾಲೆಗೆ ಬರುವುದನ್ನೇ ಬಿಟ್ಟಳು.

ನಮ್ಮ ಗುಮಾಸ್ತರ ಮಗಳು ಅಂದು ಸಂಜೆ ಅಂಗಡಿಗೆ ಬಂದು ನಿಂತಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ‘ತಪ್ಪು ನಂದೋ ಆ ಕಳ್ಳಂದೋ ತಿಳೀವಲ್ದು ಕಾಕಾ’ ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆ ನಮ್ಮ ನೆಲಕ್ಕೆ ಬಹಳ ಹಳೆಯದು.

ಬಂಡೆಯ ಮೇಲಿನ ಒಪ್ಪಿಗೆ

ಸಿಂಧನೂರಿನಿಂದ ಲಿಂಗಸುಗೂರಿನ ದಾರಿ ಹಿಡಿದರೆ ನಡುವೆ ಮಸ್ಕಿ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಅಲ್ಲಿಯ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡನು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ರಾಜನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದನು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರು ಮೊದಲ ಬಾರಿಗೆ ಸ್ಪಷ್ಟವಾಗಿ ಸಿಕ್ಕಿತು. ಈ ಸಂಗತಿಯನ್ನು ನಮ್ಮ ಶಾಲಾ ಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. ಆದರೆ ಆ ಶಾಸನ ಏನು ಹೇಳುತ್ತದೆ ಎಂಬುದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ.

ಅಶೋಕನ ಕಿರು ಬಂಡೆಶಾಸನಗಳ ಸಾರ ಇದು: ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆರಂಭದಲ್ಲಿ ತಾನು ಹೇಳಿಕೊಳ್ಳುವಷ್ಟು ಶ್ರಮಪಡಲಿಲ್ಲ, ಸಂಘದ ಸಮೀಪಕ್ಕೆ ಬಂದ ಮೇಲೆ ಶ್ರದ್ಧೆಯಿಂದ ಪ್ರಯತ್ನಿಸಿದೆ, ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ. ಒಬ್ಬ ಚಕ್ರವರ್ತಿ ತನ್ನ ಹಿಂದಿನ ಆಲಸ್ಯವನ್ನು ಕಲ್ಲಿನಲ್ಲಿ ಕೊರೆಸಿ ಪ್ರಜೆಗಳ ಮುಂದೆ ಇಟ್ಟನು. ಗೆಲುವನ್ನು ಕೊರೆಸಿದ ರಾಜರು ನೂರಾರು. ‘ನಾನು ಮೊದಲು ಸಾಲದಾಗಿದ್ದೆ’ ಎಂದು ಕೊರೆಸಿದವರು ಅಪೂರ್ವ. ಉಪದೇಶ ಮಾಡುವ ಮೊದಲು ತನ್ನ ಲೆಕ್ಕ ತೋರಿಸುವ ಕ್ರಮ ಅದು.

ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಇದೆ. ಇದು ಪುರಾತನ ಪದ್ಧತಿಯೆಂದು ರಾಜನೇ ಹೇಳುತ್ತಾನೆ. ಹಾಗಾದರೆ ಆಚಾರ್ಯನಿಗೆ ಯಾವ ಹೊಣೆ? ಅದಕ್ಕೆ ಉತ್ತರ ಉತ್ತರ ಭಾರತದ ಸ್ತಂಭಶಾಸನಗಳಲ್ಲಿ ಸಿಗುತ್ತದೆ. ಮೂರನೆಯ ಸ್ತಂಭಶಾಸನದಲ್ಲಿ ಅಶೋಕನು, ಮನುಷ್ಯನ ಕಣ್ಣಿಗೆ ತಾನು ಮಾಡಿದ ಒಳಿತು ಮಾತ್ರ ಕಾಣುತ್ತದೆ, ಕೆಡುಕು ಕಾಣುವುದಿಲ್ಲ, ಅದನ್ನು ಕಾಣುವುದು ನಿಜಕ್ಕೂ ಕಠಿಣ ಎಂಬ ಆಶಯವನ್ನು ಹೇಳಿದ್ದಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲುಚಪ್ಪಡಿಯ ಮೇಲೆ 1980ರ ದಶಕದ ಕೊನೆಗೆ ಅಶೋಕನ ಶಾಸನಗಳು ದೊರೆತವು. ಅವುಗಳಲ್ಲಿ ಹನ್ನೆರಡನೆಯ ಬಂಡೆಶಾಸನವೂ ಒಂದು. ಎಲ್ಲ ಪಂಥಗಳ ಸಾರವೃದ್ಧಿಗೆ ಮೂಲ ಯಾವುದು ಎಂಬ ಪ್ರಶ್ನೆಗೆ ಅದು ಕೊಡುವ ಉತ್ತರ ಮಾತಿನ ಸಂಯಮ: ಸಕಾರಣವಿಲ್ಲದೆ ತನ್ನದನ್ನು ಹೊಗಳದಿರುವುದು, ಇತರರದನ್ನು ತೆಗಳದಿರುವುದು.

ತನ್ನ ತಪ್ಪನ್ನು ಕಾಣುವುದು, ಮಾತನ್ನು ಕಾಯುವುದು. ಇಂದಿನ ಶಿಕ್ಷಕಿಗೆ ಬೇಕಾದ ಎರಡೂ ವಿದ್ಯೆಗಳು ಹೀಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಕಲ್ಲುಗಳ ಮೇಲಿವೆ.

ಸ್ವಾಧ್ಯಾಯದ ಐದು ಮೆಟ್ಟಿಲು

ಮಸ್ಕಿಯ ಬಂಡೆಯ ಲಿಪಿಗೆ ಬ್ರಾಹ್ಮೀ ಎಂಬ ಹೆಸರು. ಜೈನ ಪುರಾಣ ಪರಂಪರೆಯ ಪ್ರಕಾರ ಆದಿದೇವನು ತನ್ನ ಹೆಣ್ಣುಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸಿದನು. ಅದು ಪುರಾಣ, ಇತಿಹಾಸವಲ್ಲ. ಆದರೂ ಮೊದಲ ಪಾಠ ಹೆಣ್ಣುಮಕ್ಕಳಿಗೆ ದೊರೆಯಿತೆಂದು ನಂಬಿದ ಪರಂಪರೆ, ಕಲಿಸುವುದನ್ನೂ ಕಲಿಯುವುದನ್ನೂ ಹೇಗೆ ವಿಂಗಡಿಸಿತು ಎಂಬುದು ಗಮನಿಸತಕ್ಕದ್ದು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದೆ. ಮೊದಲನೆಯದು ವಾಚನೆ, ಅಂದರೆ ಪಾಠವನ್ನು ಓದುವುದು. ಎರಡನೆಯದು ಪೃಚ್ಛನೆ, ಸಂದೇಹವನ್ನು ಕೇಳುವುದು. ಮೂರನೆಯದು ಅನುಪ್ರೇಕ್ಷೆ, ತಿಳಿದದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುಗಿಸಿ ನೋಡುವುದು. ನಾಲ್ಕನೆಯದು ಆಮ್ನಾಯ, ಶುದ್ಧವಾಗಿ ಪುನರಾವರ್ತಿಸುವುದು. ಇವೆಲ್ಲ ಆದ ಮೇಲೆ ಕೊನೆಗೆ ಧರ್ಮೋಪದೇಶ. ಇತರರಿಗೆ ಹೇಳುವ ಅಧಿಕಾರ ಐದನೆಯ ಸ್ಥಾನದಲ್ಲಿದೆ ಎಂಬುದನ್ನು ನಾವು ಮರೆಯಬಾರದು. ಓದಿದ ಮರುಕ್ಷಣವೇ ಹೇಳಹೊರಟವನು ನಡುವಿನ ಮೂರು ಮೆಟ್ಟಿಲುಗಳನ್ನು ಹಾರಿದವನು.

ಪ್ರತಿಕ್ರಮಣವೆಂಬ ನಿತ್ಯಕ್ರಿಯೆಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಆದರೆ ಅದನ್ನು ನಾವು ಬಾಯಿಪಾಠದ ಕ್ರಿಯೆಯಾಗಿ ಮಾತ್ರ ಉಳಿಸಿಕೊಂಡಿದ್ದೇವೆಯೇ ಎಂಬ ಸಂದೇಹ ನನಗುಂಟು. ಕುಂದಕುಂದಾಚಾರ್ಯರ ಸಮಯಸಾರದಲ್ಲಿ ಪ್ರತಿಕ್ರಮಣವು ಹಿಂದಿನ ದೋಷಕ್ಕೆ, ಆಲೋಚನೆಯು ಈಗಿನದಕ್ಕೆ, ಪ್ರತ್ಯಾಖ್ಯಾನವು ಮುಂದಿನದಕ್ಕೆ ಸಂಬಂಧಿಸಿದೆ ಎಂಬ ವಿವೇಚನೆ ಇದೆ. ನಾವು ದಿನಬಳಕೆಯಲ್ಲಿ ‘ಆಲೋಚನೆ’ ಎಂದಾಗ ಕೇವಲ ವಿಚಾರ ಎಂದುಕೊಳ್ಳುತ್ತೇವೆ. ಶಾಸ್ತ್ರದಲ್ಲಿ ಅದಕ್ಕೆ, ಮಾಡುತ್ತಿರುವಾಗಲೇ ತನ್ನನ್ನು ತಾನು ನೋಡಿಕೊಳ್ಳುವುದು ಎಂಬ ಬಿಗಿಯಾದ ಅರ್ಥ. ಮೂರೂ ಕಾಲಗಳ ಲೆಕ್ಕ ಒಟ್ಟಿಗೆ ನಡೆಯಬೇಕು. ಹಿಂದಿನದಕ್ಕೆ ಮರುಗಿ, ಮುಂದಿನದಕ್ಕೆ ಏನನ್ನೂ ನಿಶ್ಚಯಿಸದವನ ಪಶ್ಚಾತ್ತಾಪವು ಕಿರ್ದಿಯಲ್ಲಿ ಬರೆದು ಖಾತೆಗೆ ಎತ್ತದ ರಕಮಿನಂತೆ.

ಮಠದಿಂದ ತರಬೇತಿ ಕಾಲೇಜಿಗೆ

ಗುರುವಿಗೆ ಗುರುತ್ವವನ್ನು ಕಲಿಸುವ ಸಂಸ್ಥೆಗಳು ಹುಟ್ಟಿದ್ದು ಬಹಳ ತಡವಾಗಿ. ನಮ್ಮ ಕಡೆ ಶಾಲೆಯನ್ನು ‘ಮಠ’ ಎಂದೇ ಕರೆಯುತ್ತಿದ್ದರು; ಅಯ್ಯನವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಅವರು ಕಲಿಸಲು ಕಲಿತದ್ದು ತಮ್ಮ ಗುರುಗಳು ಕಲಿಸಿದ್ದನ್ನು ನೋಡಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಧಾರವಾಡದ ನಾರ್ಮಲ್ ಸ್ಕೂಲು ಕನ್ನಡ ಶಿಕ್ಷಕರನ್ನು ತಯಾರಿಸತೊಡಗಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಅದಕ್ಕೆ ಜೀವ ತುಂಬಿದರು. 1865ರಲ್ಲಿ ಆರಂಭವಾದ ‘ಮಠಪತ್ರಿಕೆ’ ಶಿಕ್ಷಕರಿಗೆಂದೇ ಹೊರಟ ಪತ್ರಿಕೆ; ಅದರ ಪರಂಪರೆಯೇ ಮುಂದೆ ಹೆಸರು ಬದಲಿಸುತ್ತ ‘ಜೀವನ ಶಿಕ್ಷಣ’ವಾಯಿತು. ದೂರದ ಹಳ್ಳಿಯ ಒಂಟಿ ಶಿಕ್ಷಕನಿಗೆ ತನ್ನ ಕೆಲಸವನ್ನು ಇನ್ನೊಬ್ಬರ ಕೆಲಸದ ಪಕ್ಕದಲ್ಲಿಟ್ಟು ನೋಡುವ ಅವಕಾಶವನ್ನು ಮುದ್ರಿತ ಹಾಳೆ ಒದಗಿಸಿತು.

ರಾಯಚೂರು ಸೀಮೆಗೆ ಈ ಗಾಳಿ ಬೇಗ ಬೀಸಲಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಆಡಳಿತದ ಭಾಷೆ ಉರ್ದು. 1956ರ ನವೆಂಬರ್ 1ರಂದು ಕನ್ನಡ ನಾಡಿನೊಡನೆ ಒಂದಾದ ಮೇಲೂ ಶಿಕ್ಷಣದ ಹಿನ್ನಡೆ ಉಳಿಯಿತು. ಅದನ್ನು ಸರಿಪಡಿಸುವ ಪ್ರಯತ್ನವಾಗಿಯೇ 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿ ಬಂದಿತು. ಇಂಥ ಸೀಮೆಯಲ್ಲಿ ಮನೆಮಾತು ಬಂಗಾಳಿಯಾದ ಮಗುವಿಗೆ ಕನ್ನಡದಲ್ಲಿ ಪಾಠ ಹೇಳುವ ಹೊಸ ಶಿಕ್ಷಕಿಯ ಹೊಣೆ ಎಷ್ಟು ಭಾರವೆಂಬುದನ್ನು ಊಹಿಸಬಹುದು.

ಶಿಕ್ಷಕರ ತರಬೇತಿಯು ಶಾಲೆಯಿಂದಲೂ ವಿಶ್ವವಿದ್ಯಾಲಯದಿಂದಲೂ ದೂರವಾಗಿ ಒಂಟಿಯಾಗಿದೆ ಎಂದು 1964–66ರ ಶಿಕ್ಷಣ ಆಯೋಗ ಎಚ್ಚರಿಸಿತ್ತು. ಅದರ ಅಧ್ಯಕ್ಷರಾಗಿದ್ದ ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿಯವರು ಸ್ಯಾದ್ವಾದವನ್ನೂ ಆಧುನಿಕ ಭೌತವಿಜ್ಞಾನವನ್ನೂ ಜೊತೆಗಿಟ್ಟು ಚಿಂತಿಸಿದವರು. ಪಶ್ಚಿಮದಲ್ಲಿ ಅಮೆರಿಕದ ಜಾನ್ ಡ್ಯೂಯಿ 1910ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಿವೇಚನೆಯ ತಿರುಳು ತೀರ್ಮಾನವನ್ನು ತಡೆಹಿಡಿಯುವುದರಲ್ಲಿದೆ ಎಂದು ವಾದಿಸಿದ್ದನು. 1983ರಲ್ಲಿ ಡೊನಾಲ್ಡ್ ಶೋನ್ ಎಂಬ ವಿದ್ವಾಂಸನು, ಕೆಲಸ ಮುಗಿದ ಮೇಲಿನ ಅವಲೋಕನ ಒಂದು, ಕೆಲಸದ ನಡುವೆಯೇ ನಡೆಯುವ ಅವಲೋಕನ ಇನ್ನೊಂದು ಎಂದು ವಿಂಗಡಿಸಿದನು. ಮೇಲೆ ಹೇಳಿದ ಪ್ರತಿಕ್ರಮಣ ಮತ್ತು ಆಲೋಚನೆಗಳ ಭೇದವನ್ನು ಬಲ್ಲ ವಾಚಕರಿಗೆ ಈ ವಿಂಗಡಣೆ ಅಪರಿಚಿತವೆನಿಸದು. ಎರಡೂ ಒಂದೇ ಎಂದು ನಾನು ಹೇಳಲಾರೆ. ಒಂದರ ಗುರಿ ಆತ್ಮಶುದ್ಧಿ, ಇನ್ನೊಂದರದು ವೃತ್ತಿಯ ಕೌಶಲ. ಆದರೆ ಎರಡಕ್ಕೂ ಬಾಗಿಲು ಒಂದೇ: ತನ್ನ ಮಾಟವನ್ನು ತಾನೇ ಎದುರಿಗಿಟ್ಟು ನೋಡುವ ಧೈರ್ಯ.

ನಮ್ಮ ದೇಶದಲ್ಲಿ 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಅವಲೋಕನವನ್ನು ತರಬೇತಿಯ ಕೇಂದ್ರಕ್ಕೆ ತಂದಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯ ಬಳಿಕ, 2014ರ ನಿಯಮಗಳು ಬಿ.ಎಡ್. ಶಿಕ್ಷಣವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಶಾಲೆಯಲ್ಲಿ ಕಳೆಯುವ ಅವಧಿಯನ್ನು 20 ವಾರಗಳಿಗೆ ಏರಿಸಿದವು. ಓದಿ ಅವಲೋಕಿಸುವುದು, ತನ್ನನ್ನು ಅರಿಯುವುದು, ಮಾಹಿತಿ ತಂತ್ರಜ್ಞಾನವನ್ನು ವಿಮರ್ಶಾತ್ಮಕವಾಗಿ ತಿಳಿಯುವುದು: ಇವು ಆ ಪಠ್ಯಕ್ರಮದ ಬೇರೆ ಬೇರೆ ವಿಷಯಗಳಾದವು. ಬೇರೆ ಬೇರೆಯಾಗಿಯೇ ಉಳಿದದ್ದು ದೋಷವಾಯಿತೋ ಏನೋ. ನಮ್ಮ ಗುಮಾಸ್ತರ ಮಗಳು ಈ ವಿಷಯಗಳಲ್ಲೆಲ್ಲ ಉತ್ತಮ ಅಂಕ ಪಡೆದಿದ್ದಳು. ಆದರೆ ಫೋನು ಕೈಯಲ್ಲಿದ್ದಾಗ ಒಂದು ಇನ್ನೊಂದನ್ನು ನೆನಪಿಸಲಿಲ್ಲ.

ಮಾತಿನ ವೇಗ, ವಿವೇಕದ ವೇಗ

ಅವಳನ್ನು ದೂರುವ ಅಧಿಕಾರ ನನಗಿಲ್ಲ. ಅದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ.

2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯಲಿದೆ ಎಂಬ ಸುಳ್ಳು ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡಿ, ಸಾವಿರಾರು ಜನ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ಸಾಮೂಹಿಕ ಸಂದೇಶಗಳ ಮೇಲೆ ಮಿತಿ ಹೇರಬೇಕಾಯಿತು. ಆರು ವರ್ಷಗಳ ಬಳಿಕ, 2018ರಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಎದ್ದಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ದುಡಿಯುವ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಮೇಲೆ ಜನ ಬಿದ್ದರು. ಅವರು ಮಾಡಿದ ಅಪರಾಧ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅವರು ಮುಂದಿನ ಊರು ಮುಟ್ಟುವ ಮೊದಲೇ ಅವರ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅಲ್ಲಿಗೆ ಮುಟ್ಟಿತ್ತು. ತಂತ್ರಜ್ಞನಾಗಿದ್ದ ಒಬ್ಬ ಯುವಕನ ಪ್ರಾಣ ಹೋಯಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಗುಂಪುಹತ್ಯೆಗಳ ವಿರುದ್ಧ ಕಠಿಣ ನಿರ್ದೇಶನಗಳನ್ನು ನೀಡಿತು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸುವ ಮಿತಿಯನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ತಂದಿತು.

ಆ ವರ್ಷ ಅಂಥದೇ ಒಂದು ಎಚ್ಚರಿಕೆಯ ಸಂದೇಶ ನನ್ನ ಫೋನಿಗೂ ಬಂದಿತ್ತು. ಮೊಮ್ಮಕ್ಕಳ ಮುಖ ನೆನೆದು, ಕ್ಷಣವೂ ತಡೆಯದೆ, ವ್ಯಾಪಾರಸ್ಥರ ಗುಂಪಿಗೆ ಅದನ್ನು ದಾಟಿಸಿದೆ. ಒಂದು ಚೀಲ ಭತ್ತವನ್ನೂ ತೂಗದೆ ಕೊಳ್ಳದ ನಾನು, ಒಬ್ಬನ ಪ್ರಾಣ ತೆಗೆಯಬಲ್ಲ ಸುದ್ದಿಯನ್ನು ತೂಗದೆ ಕಳುಹಿಸಿದೆ. ಮುರ್ಕಿಯ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಸಂದೇಶ ಬೀದರಿಗೆ ಹೋಗಿರಲಿಕ್ಕಿಲ್ಲ. ಆದರೆ ಅದು ಎಲ್ಲಿಗೆ ಹೋಯಿತೆಂದು ಇಂದಿಗೂ ನಾನು ಹೇಳಲಾರೆ. ಲೆಕ್ಕ ಸಿಗದ ರಕಮು ಅದು.

ಹಳೆಯ ಕಾಲದ ಮಾತಿಗೆ ಹೋಲಿಸಿದರೆ ಇಂದಿನ ಮಾತಿನ ವ್ಯತ್ಯಾಸ ಇದೇ. ಬಾಯಿಂದ ಹೊರಟ ಮಾತು ಕಟ್ಟೆಯವರೆಗೆ ಹೋಗುತ್ತಿತ್ತು. ಅದನ್ನು ಹಿಂದೆ ತರಲು ಮರುದಿನ ಕಟ್ಟೆಗೆ ಹೋದರೆ ಸಾಕಿತ್ತು. ಫೋನಿನ ಮಾತು ಬೆರಳ ತುದಿಯಿಂದ ಹೊರಟು, ಹೆಸರು ತಿಳಿಯದವರ ಕೈ ಸೇರುತ್ತದೆ. ಪ್ರತಿಕ್ರಮಣಕ್ಕೆ ಸಂಜೆಯವರೆಗೆ ಕಾಲಾವಕಾಶವಿಲ್ಲ. ಆದ್ದರಿಂದಲೇ ವಚನಗುಪ್ತಿ, ಭಾಷಾಸಮಿತಿಗಳು ಇಂದು ಬೆರಳಿಗೂ ಅನ್ವಯಿಸಬೇಕು.

ಕಾನೂನು ತನ್ನ ಪಾಲಿನ ಕೆಲಸ ಮಾಡುತ್ತ ಬಂದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 67ಬಿ ಕಲಮು, 2012ರ ಪೋಕ್ಸೊ ಕಾಯಿದೆ ಇವು ಮಕ್ಕಳ ರಕ್ಷಣೆಗಿವೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆ, 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಪಾಲಕರ ಪರಿಶೀಲಿತ ಒಪ್ಪಿಗೆ ಬೇಕೆಂಬ ತತ್ತ್ವವನ್ನು ಸ್ವೀಕರಿಸಿದೆ. ಹಣದ ವಂಚನೆಯಾದರೆ 1930 ಸಂಖ್ಯೆಗೆ, ಮಕ್ಕಳ ಸಂಕಟಕ್ಕೆ 1098ಕ್ಕೆ ಕರೆ ಮಾಡಬಹುದು. ಆದರೆ ಕಾನೂನು ಬರುವುದು ಕಳ್ಳತನವಾದ ಮೇಲೆ. ಅದಕ್ಕೂ ಮೊದಲು ಬರಬೇಕಾದವನು ಶಿಕ್ಷಕ. ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳುಸುದ್ದಿಯನ್ನು ಗುರುತಿಸುವ ಪಾಠ ನಡೆಯಿತು. ಲಸಿಕೆಯ ವಿರುದ್ಧ ಹಬ್ಬಿದ ವದಂತಿಗಳ ಅನುಭವವೇ ಅದಕ್ಕೆ ಪ್ರೇರಣೆ. ಮಕ್ಕಳಿಗೆ ಕಲಿಸಿದ್ದು ಯಂತ್ರದ ಜ್ಞಾನವಲ್ಲ. ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ತಿಳಿಯಿತು ಎಂದು ಕೇಳುವ ಅಭ್ಯಾಸ. ಅದು ಪೃಚ್ಛನೆಯೇ ಅಲ್ಲವೇ?

ಮೂರನೆಯ ಬರಹ

ಈಗ ನಮ್ಮ ಕಥೆಗೆ ಮರಳೋಣ. ತರಬೇತಿಯಲ್ಲಿರುವವರು ಪ್ರತಿದಿನ ಅವಲೋಕನದ ದಿನಚರಿ ಬರೆಯಬೇಕು. ಆ ಘಟನೆಯ ಬಗ್ಗೆ ಅವಳು ಮೊದಲು ಬರೆದದ್ದು ಹೀಗಿತ್ತು: ಅಪರಿಚಿತ ಕರೆಗಳ ಬಗ್ಗೆ ಮಕ್ಕಳಿಗೆ ಜಾಗೃತಿ ಮೂಡಿಸಬೇಕು. ಮಾರ್ಗದರ್ಶಕರಾಗಿದ್ದ ಹಿರಿಯ ಶಿಕ್ಷಕರು ಅದನ್ನು ಓದಿ, ‘ಇದರಾಗ ನೀ ಎಲ್ಲಿದ್ದೀಯವ್ವಾ?’ ಎಂದು ಕೇಳಿ ಪುಸ್ತಕ ಹಿಂದಿರುಗಿಸಿದರು. ಎರಡನೆಯ ಸಲ ಅವಳು ಕಳ್ಳನನ್ನೂ ಫೋನಿನ ವ್ಯವಸ್ಥೆಯನ್ನೂ ತರಬೇತಿಯ ಕೊರತೆಯನ್ನೂ ಕುರಿತು ನಾಲ್ಕು ಪುಟ ಬರೆದಳು. ಅದೂ ಹಿಂದಕ್ಕೆ ಬಂದಿತು. ಮೂರನೆಯ ಸಲ ಬರೆದದ್ದು ಅರ್ಧ ಪುಟ. ಫೋಟೊ ತೆಗೆದಾಗ ನಿಲ್ಲಬಹುದಿತ್ತು. ಗುಂಪಿನಲ್ಲಿ ಯಾರು ಯಾರಿದ್ದಾರೆಂದು ನೋಡಿ ನಿಲ್ಲಬಹುದಿತ್ತು. ಪಟ್ಟಿಯನ್ನು ಕಳುಹಿಸುವ ಮೊದಲು ಇದು ನನ್ನ ಮಾಹಿತಿಯಲ್ಲ, ಮಕ್ಕಳದು ಎಂದು ನೆನೆದು ನಿಲ್ಲಬಹುದಿತ್ತು. ಮೂರು ಕಡೆ ನಾನು ನಿಲ್ಲಲಿಲ್ಲ.

ಮೊದಲ ಎರಡು ಬರಹಗಳಲ್ಲಿ ಸುಳ್ಳು ಇರಲಿಲ್ಲ. ಕಳ್ಳನ ಅಪರಾಧ ಕಳ್ಳನದೇ. ಅದು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಕಳ್ಳನ ಖಾತೆಯನ್ನು ಪೊಲೀಸರು ಬರೆಯುತ್ತಾರೆ; ನನ್ನ ಖಾತೆಯನ್ನು ನಾನೇ ಬರೆಯಬೇಕು. ಅವಳು ಅಂಗಡಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅದು. ತಪ್ಪಿನ ಹೊರೆಯನ್ನು ಹೊರುವುದು ಬೇರೆ, ತಪ್ಪಿನ ಸಾಲನ್ನು ಗುರುತಿಸುವುದು ಬೇರೆ. ಹೊರೆ ಹೊತ್ತವನು ಕುಸಿಯುತ್ತಾನೆ. ಸಾಲನ್ನು ಗುರುತಿಸಿದವನು ಮರುದಿನ ಸರಿಯಾಗಿ ಬರೆಯುತ್ತಾನೆ.

ಅವಳು ಮರುದಿನ ಮಾಡಿದ ಕೆಲಸಗಳನ್ನು ಹೇಳಿದರೆ ಸಾಕು. ಪಟ್ಟಿಯನ್ನು ಅಳಿಸಿದಳು, ಹಳೆಯ ಗುಂಪನ್ನು ಮುಚ್ಚಿ, ಪಾಲಕರನ್ನು ಮುಖತಃ ಗುರುತಿಸಿ ಹೊಸದನ್ನು ಮಾಡಿದಳು. ಇತರ ಮನೆಗಳಿಗೆಲ್ಲ ನಡೆದು ಹೋಗಿ ಎಚ್ಚರಿಸಿದಳು. 1930ಕ್ಕೆ ಬೇಗ ದೂರು ಹೋಗಿದ್ದರಿಂದ ಹಣದ ಒಂದು ಭಾಗ ತಡೆಯಲ್ಪಟ್ಟು ಮರಳಿತು, ಉಳಿದದ್ದು ಹೋದದ್ದೇ. ಎಲ್ಲಕ್ಕಿಂತ ಮುಖ್ಯವಾಗಿ ಅವಳು ಕ್ಯಾಂಪಿನ ಆ ಮನೆಗೆ ಹೋಗಿ, ತಾಯಿಯ ಎದುರು, ಮೂಲೆಯಲ್ಲಿ ಕುಳಿತಿದ್ದ ಹುಡುಗಿಗೆ ಹೇಳಿದಳು: ‘ತಪ್ಪು ನಿಂದಲ್ಲ. ನಿನ್ನ ಹೆಸರು ಅವನಿಗೆ ಸಿಕ್ಕಿದ್ದು ನನ್ನಿಂದ.’ ಹುಡುಗಿ ಏನೂ ಮಾತನಾಡಲಿಲ್ಲವಂತೆ. ನಾಲ್ಕನೆಯ ದಿನ ಶಾಲೆಗೆ ಬಂದಳು.

ಆ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ಬಾಲ್ಯದಲ್ಲಿ ಗಡಿ ದಾಟಿ ಬಂದವರು. ಮೊಮ್ಮಗಳು ಕನ್ನಡಕ್ಕೆ ತಿರುಗಿಸಿ ಹೇಳಿದ ಅವರ ಮಾತನ್ನು ಗುಮಾಸ್ತರ ಮಗಳು ನನಗೆ ತಿಳಿಸಿದಳು. ಅವರ ಕಾಲದಲ್ಲಿ ಪಟ್ಟಿಯಲ್ಲಿ ಹೆಸರು ಇದ್ದರೆ ಅಕ್ಕಿ ಸಿಗುತ್ತಿತ್ತು, ನೆಲ ಸಿಗುತ್ತಿತ್ತು. ಹೆಸರು ಬಿಟ್ಟುಹೋದರೆ ಮನುಷ್ಯನೇ ಇಲ್ಲದಂತೆ. ಈಗ ಪಟ್ಟಿಯಲ್ಲಿ ಹೆಸರು ಇದ್ದುದರಿಂದಲೇ ಕಳ್ಳ ಬಂದ. ಹಾಗಾದರೆ ಹೆಸರು ಬರೆಯುವವರು ಅಂದಿಗೂ ಇಂದಿಗೂ ಎಷ್ಟು ಜಾಗರೂಕರಾಗಿರಬೇಕು ಎಂದು ಅವರು ಕೇಳಿದರಂತೆ.

ಇದಕ್ಕಿಂತ ದೊಡ್ಡ ಪಾಠವನ್ನು ಯಾವ ತರಬೇತಿ ಕಾಲೇಜೂ ಹೇಳಲಾರದು. ಇಂದು ಶಿಕ್ಷಕನ ಕೈಯಲ್ಲಿ ಹಾಜರಿ ಪುಸ್ತಕವಿದೆ, ಫೋನೂ ಇದೆ. ಎರಡರಲ್ಲಿಯೂ ಮಕ್ಕಳ ಹೆಸರುಗಳಿವೆ. ಆ ಹೆಸರುಗಳು ನಂಬಿ ಒಪ್ಪಿಸಿದ ಠೇವಣಿ. ಅದರ ಮಾಲೀಕರು ಮಕ್ಕಳು, ಶಿಕ್ಷಕನು ಕಾವಲುಗಾರ ಮಾತ್ರ. ಪರರ ಠೇವಣಿಯನ್ನು ಬೀದಿಯಲ್ಲಿ ಹರವಿಡುವ ವ್ಯಾಪಾರಿಯನ್ನು ನಾವು ಪ್ರಾಮಾಣಿಕನೆಂದು ಕರೆಯುವುದಿಲ್ಲ, ಅವನ ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಆ ಹುಡುಗಿ ಈಗ ಶಿಕ್ಷಕಿಯಾಗಿದ್ದಾಳೆ. ಅವಳ ಮೇಜಿನ ಮೇಲೆ ಹಾಜರಿ ಪುಸ್ತಕದ ಜೊತೆಗೆ ಇನ್ನೊಂದು ತೆಳು ನೋಟುಪುಸ್ತಕ ಇರುತ್ತದೆ. ಕೇಳುವವರಿಲ್ಲ, ಅಂಕ ಕೊಡುವವರಿಲ್ಲ. ಆದರೂ ಸಂಜೆ ಎರಡು ಸಾಲು ಬರೆದೇ ಮನೆಗೆ ಹೊರಡುತ್ತಾಳೆ. ನಾನೂ ಒಂದು ನಿಯಮ ಮಾಡಿಕೊಂಡಿದ್ದೇನೆ: ನನ್ನ ಫೋನಿಗೆ ಬಂದ ಯಾವ ಎಚ್ಚರಿಕೆಯ ಸಂದೇಶವನ್ನೂ ಅಂದಿನ ಕಿರ್ದಿ ಮುಗಿಯುವವರೆಗೆ ದಾಟಿಸುವುದಿಲ್ಲ. ಸಂಜೆ ಶಿಲ್ಕು ತಾಳೆಯಾದ ಮೇಲೆ ಅದನ್ನು ಮತ್ತೆ ಓದುತ್ತೇನೆ. ಆಗ ದಾಟಿಸಬೇಕೆನಿಸುವವು ಬಹಳ ಕಡಿಮೆ.